ತಲಬಾಗಿಲ, ನಡಮನಿ, ಹಿತ್ತಲ

ನಮ್ಮವ್ವನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ ಎಂಬುದು ಸುಳ್ಳು. ಹಸೀ ಸುಳ್ಳು. ಹೋದ ತಿಂಗಳು ಹುಮನಾಬಾದಿನಲ್ಲಿ ನಮ್ಮ ತಂಗಿಯ ಮಗಳ ಕುಬಸದ, ಅಂದರೆ ಸೀಮಂತದ, ಊಟ ನಡೆದಾಗ ತಂಗಿಯ ಮಗ ಮಲ್ಲು, ಡಿಗ್ರಿ ಮಾಡಿದ ಹುಡುಗ, ತುಂಬಿದ ಪಂಕ್ತಿಯ ನಡುವೆ ನಿಂತು ಆ ಸುಳ್ಳನ್ನು ಮತ್ತೊಮ್ಮೆ ಹೇಳಿದ. ಹೋಳಿಗೆ ಬಡಿಸುವವರು ಕೂಡ ಬುಟ್ಟಿ ಹಿಡಿದುಕೊಂಡು ನಿಂತು ಕೇಳಿದರು.

"ನಮ್ಮ ಮುದುಕಿ ಗಾಡ್ಯಾಗ ಕುಂತು ಗೇರ್ ಹಿಡದು 'ತಲಬಾಗಿಲ' ಅಂದಳಂತ. ಗಾಡಿ ಖರೇನೇ ಹೋಗಿ ತಲಬಾಗಿಲಕ್ಕ ಹೊಡೀತಂತ!"

ಎಲ್ಲರೂ ನಕ್ಕರು. ಬೀಗರು ನಕ್ಕರು, ಬೀಗರ ಡ್ರೈವರ್ ನಕ್ಕ. ಹೆಂಗಸರ ಸಾಲಿನಲ್ಲಿ ಕುಂತಿದ್ದ ನಮ್ಮವ್ವ ಸಹ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅದನ್ನು ನೋಡಿದೆ. ಕೈ ತೊಳೆದುಕೊಂಡು ಎದ್ದು ಬಂದೆ. ನನ್ನ ಎಲೆಯಲ್ಲಿ ತುಪ್ಪ ಹಾಕಿದ ಹೋಳಿಗೆ ಹಾಗೇ ಉಳಿಯಿತು. ಅದಕ್ಕೂ ನನಗೆ ಸಿಟ್ಟಿದೆ. ನಾನು ಸಾಲಿಯಲ್ಲಿ ಏಳನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು. ಬಸವಕಲ್ಯಾಣದಲ್ಲಿ ಸ್ವಂತ ಗ್ಯಾರೇಜ್ ಇದೆ, ನನ್ನ ಕೈ ದಾಟಿ ಹೋದ ಲಾರಿಗಳು ಮುಂಬೈತನಕ ಓಡುತ್ತವೆ. ಪಾನಾ ಹಿಡಿಯುವ ಕೈಗೆ ಪೆನ್ನು ನಾಜೂಕು ಅನಿಸುತ್ತದೆ. ಆದರೂ ಈ ಒಂದು ಸಂಗತಿಯನ್ನು ನಾನೇ ಬರೆಯಬೇಕು. ಡಿಗ್ರಿ ಮಾಡಿದವರ ಮೇಲೆ ಬಿಟ್ಟರೆ ಏನಾಗುತ್ತದೆ ಎಂದು ನೋಡಿಯಾಯಿತಲ್ಲ.

ಮೊದಲು ಮನೆ ಹೇಳಬೇಕು. ಮನೆ ತಿಳಿಯದೆ ಗೇರು ತಿಳಿಯುವುದಿಲ್ಲ. ಹೆದ್ದಾರಿಯಿಂದ ಒಳಗೆ, ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವಿನ ಊರು ನಮ್ಮದು. ಅಣ್ಣತಮ್ಮಂದಿರ ಪಾಲಿನಲ್ಲಿ ಅಪ್ಪನಿಗೆ ಬಂದದ್ದು ಧೋತರ ಒಣಹಾಕಿದಂಥ ಉದ್ದನೆಯ ಪಟ್ಟಿ. ಅದರ ಮೇಲೆ ಕೆಂಗಲ್ಲು, ಮಣ್ಣಿನ ಮನೆ. ಮುಂದೆ ಕಟ್ಟೆ, ಅದಕ್ಕೆ ಅಂಟಿಕೊಂಡು ತಲಬಾಗಿಲ. ಅದು ದಾಟಿದರೆ ನಡಮನಿ: ಅಲ್ಲೇ ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ದೇವರ ಜಗಲಿ, ನಡುವೆ ನಾವು. ನಡಮನಿ ದಾಟಿದರೆ ಹಿತ್ತಲ. ಮೂರೂ ಒಂದೇ ಗೆರೆಯಲ್ಲಿ. ತಲಬಾಗಿಲಲ್ಲಿ ನಿಂತು ನೋಡಿದರೆ ಹಿತ್ತಲದ ಎಮ್ಮೆಯ ಮೂತಿ ಕಾಣುತ್ತಿತ್ತು. ಎಡಬಲಕ್ಕೆ ಓಣಿ ಇಲ್ಲದ್ದರಿಂದ ಎಮ್ಮೆಗೂ ಬೇರೆ ದಾರಿ ಇರಲಿಲ್ಲ. ಮುಂಜಾನೆ ಅದು ನಡಮನಿ ಹಾದು, ನಮ್ಮ ಹಾಸಿಗೆಯ ಪಕ್ಕದಲ್ಲೇ ಕಾಲಿಟ್ಟು ಹೊರಗೆ ಹೋಗಬೇಕು, ಸಂಜೆಗೆ ಹಾಗೇ ಒಳಗೆ ಬರಬೇಕು. ಅದು ನಡಮನಿಯಲ್ಲಿ ನಿಂತು ರೊಟ್ಟಿಯ ಬುಟ್ಟಿಗೆ ಬಾಯಿ ಹಾಕುವುದು, ಅವ್ವ ಕೂಗುವುದು, ದಿನಾ ಇದ್ದದ್ದೇ.

"ನಡಮನ್ಯಾಗ ಯಾಕ ನಿಂತಿ? ಹಿತ್ತಲ! ಹಿತ್ತಲಕ್ಕ ನಡಿ!"

ಮುಂಜಾನೆಯಾದರೆ "ತಲಬಾಗಿಲ! ತಲಬಾಗಿಲಕ್ಕ ನಡಿ!" ಎಮ್ಮೆಗೆ ಈ ಮೂರು ಮಾತು ತಿಳಿಯುತ್ತಿದ್ದವು. ತಲಬಾಗಿಲಿನ ಹೊಸ್ತಿಲ ಮಾತ್ರ ಅವ್ವನಿಗೆ ದೇವರ ಸಮಾನ. ಎಮ್ಮೆ ದಾಟಿದ ಮೇಲೆ ದಿನಾ ಒದ್ದೆ ಬಟ್ಟೆಯಿಂದ ಒರೆಸಿ, ಅರಿಷಿಣ ಸವರಿ, ಐದು ಕುಂಕುಮದ ಬೊಟ್ಟು ಇಟ್ಟ ಮೇಲೆಯೇ ಚಹಾ ಕುಡಿಯುತ್ತಿದ್ದಳು.

ಅಪ್ಪ ಹುಮನಾಬಾದಿನಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಮಿಸ್ತ್ರಿ. ಮಾಣಿಕ ಮಿಸ್ತ್ರಿ ಅಂದರೆ ಊರಲ್ಲಿ ಇಜ್ಜತ್ ಇತ್ತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಹೊಲ, ಎಮ್ಮೆ, ಮೇವು ಎಲ್ಲ ಅವ್ವನ ತಲೆಯ ಮೇಲೆ. ಮಾತಿಗೆ ಹೇಳುತ್ತಿಲ್ಲ, ಕಣಿಕೆಯ, ಅಂದರೆ ಜೋಳದ ದಂಟಿನ, ಹೊರೆ ಖರೇನೇ ತಲೆಯ ಮೇಲೆ ಬರುತ್ತಿತ್ತು, ಎರಡು ಮೈಲಿ. ಅದನ್ನು ನೋಡಲಾರದೆ ಅಪ್ಪ ಒಂದು ಗಾಡಿ ಮಾಡಿದ. ಇದನ್ನು ನಾನು ಒಪ್ಪುತ್ತೇನೆ: ಪ್ರೀತಿಯಿಂದಲೇ ಮಾಡಿದ. ಬಾವಿಯ ಮೇಲಿನ ಹಳೇ ಡೀಸೆಲ್ ಇಂಜಿನ್, ಗುಜರಿಯಲ್ಲಿ ಸಿಕ್ಕ ಜೀಪಿನ ಗೇರ್ ಪೆಟ್ಟಿಗೆ, ಹಿಂದಿನ ಗಾಲಿ ಜೀಪಿನದು, ಮುಂದಿನವು ಬೇರೆ ಯಾವುದೋ ಗಾಡಿಯವು, ಮೇಲೆ ಎತ್ತಿನ ಬಂಡಿಯ ಹಲಗೆ. ಬ್ರೇಕ್ ಅಂದರೆ ಹಿಂದಿನ ಗಾಲಿಗೆ ಹೋಗಿ ಒತ್ತುವ ಒಂದು ಕಟ್ಟಿಗೆಯ ತುಂಡು. ಶುರುವಾದರೆ ಓಣಿಯ ಎಲ್ಲ ಮನೆಯ ತಾಟು ಬಟ್ಟಲು ನಡುಗುತ್ತಿದ್ದವು. ಊರವರು ಅದಕ್ಕೆ ಖಡಖಡಿ ಅಂದರು. ಜೋರು ಓಡಬಾರದೆಂದು ಪೆಟ್ಟಿಗೆಯ ಮೇಲಿನ ಗೇರುಗಳ ದಾರಿಯನ್ನು ಅಪ್ಪ ಬಂದ್ ಮಾಡಿ ಎರಡನ್ನೇ ಉಳಿಸಿದ್ದ, ಒಂದು ಮುಂದೆ ಹೋಗಲು, ಒಂದು ಹಿಂದೆ ಹೋಗಲು. ಕುಂತ ಜಾಗದಿಂದ ಗೇರ್ ಪೆಟ್ಟಿಗೆ ದೂರ. ಅದಕ್ಕೆ ಕೈಗೆ ಸಿಗುವ ಹಾಗೆ ಒಂದು ರಾಡು ನಿಲ್ಲಿಸಿದ್ದ. ರಾಡಿನ ನಟ್ಟ ನಡುವೆ ಒಂದು ಬೋಲ್ಟ್. ಅದರ ಮೇಲೆ ರಾಡು ತಕ್ಕಡಿಯ ದಂಡಿಗೆಯಂತೆ ತೂಗುತ್ತಿತ್ತು. ಬೋಲ್ಟಿನ ಕೆಳಗೆ ರಾಡಿಗೆ ಒಂದು ತೂತು. ಆ ತೂತಿನಿಂದ ಪೆಟ್ಟಿಗೆಯತನಕ ಒಂದು ಕಬ್ಬಿಣದ ಸಳಿ.

ಅವ್ವನಿಗೆ ಕಲಿಸುವಾಗ ಅಪ್ಪ ಶೆಡ್ಡಿನ ಮಾತು ಶುರು ಮಾಡಿದ: ಫಸ್ಟು, ನ್ಯೂಟ್ರಲ್ಲು, ರಿವರ್ಸು. ಅವ್ವ ರಾಡನ್ನು ಮುಂದೆ ದೂಡಿದಳು, ನಡುವೆ ತಂದಳು, ಹಿಂದೆ ಎಳೆದಳು. ಮತ್ತೊಮ್ಮೆ ಮಾಡಿದಳು.

"ಇದೇನ್ರಿ, ನಮ್ಮ ಮನೀನೇ ಅದ ಅಲಾ. ಮುಂದ ತಲಬಾಗಿಲ. ನಡುವ ನಡಮನಿ. ಹಿಂದ ಹಿತ್ತಲ."

"ಎಮ್ಮಿಗಿ ಹೇಳಿದಂಗ ಹೇಳ್ತಿ ಏನು ಗಾಡಿಗಿ?"

"ಎಮ್ಮಿ ಕೇಳ್ತದ. ನಿಮ್ಮ ಗಾಡಿ ಕೇಳ್ತದೋ ಇಲ್ಲೋ ನೋಡಮು."

ಕೇಳಿತು. ವರ್ಷಕ್ಕೂ ಹೆಚ್ಚು ಕಾಲ ಕೇಳಿತು. ಆ ಸೀಮೆಯಲ್ಲಿ ಹೆಂಗಸು ಸೈಕಲ್ ಹತ್ತಿದ್ದನ್ನೂ ಯಾರೂ ನೋಡಿರಲಿಲ್ಲ, ನಮ್ಮವ್ವ ಸೆರಗು ಸೊಂಟಕ್ಕೆ ಸಿಗಿಸಿ ಖಡಖಡಿಯ ಮೇಲೆ ಕುಂತು, ದೊಡ್ಡ ದನಿಯಲ್ಲಿ "ತಲಬಾಗಿಲ!" ಅಂದು ರಾಡು ಮುಂದೆ ದೂಡಿ ಹೊಲಕ್ಕೆ ಹೋಗಿ ಮೇವು ತರುತ್ತಿದ್ದಳು. ಎದುರು ಮನೆಯ ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕೂಡುತ್ತಿದ್ದ ಬಾಬು ಕಾಕಾ ಬಿಡುತ್ತಿರಲಿಲ್ಲ.

"ಕಲಾವತೀ, ನನಗೂ ಹೊಲದ ತನಕ ಬಿಡವಾ."

"ಬರ್ರಿ ಮಾವಾ, ಬರುವಾಗ ಕಣಿಕಿ ಮ್ಯಾಲ ಕೂಡ್ರಿ. ಎಮ್ಮಿ ಮೇವಂತ ತಿಳದ್ರ ಮಾತ್ರ ನನಗ ಕೇಳಬ್ಯಾಡ್ರಿ."

ವರ್ಷದೊಳಗೆ ರಾಡು ಢಿಲಾ ಆಯಿತು. ಸಳಿ ಸಿಗಿಸಿದ್ದ ಕೆಳಗಿನ ತೂತು ತಿಕ್ಕಿ ತಿಕ್ಕಿ ಸವೆದು ಬದಾಮಿಯಂತೆ ಉದ್ದವಾಗಿತ್ತು. ರಾಡು ಹಿಡಿದರೆ ಒಂದು ಗೇಣು ಖಾಲಿ ಅಲುಗಾಡುತ್ತಿತ್ತು. ಗೇರು ಬಿತ್ತೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಅಪ್ಪನಿಗೇ ತಿಳಿಯದೆ ಎರಡು ಸಲ ಗರ್ ಅನಿಸಿದ್ದ. ಅವ್ವ ಒಮ್ಮೆಯೂ ತಪ್ಪಲಿಲ್ಲ. ಆಕೆ ಕೈ ನಂಬುತ್ತಿರಲಿಲ್ಲ, ಕಿವಿ ನಂಬುತ್ತಿದ್ದಳು. ಪೆಟ್ಟಿಗೆಯೊಳಗೆ ಹಲ್ಲು ಹಲ್ಲಿಗೆ ಕೂಡಿದ ಸಪ್ಪಳ ಕೇಳಿದ ಮೇಲೆಯೇ ಕ್ಲಚ್ ಬಿಡುತ್ತಿದ್ದಳು. ಇದನ್ನು ಮಲ್ಲು ಬರೆದುಕೊಳ್ಳಲಿ: ರಾಡು ಢಿಲಾ ಇದ್ದಾಗ ಅವ್ವ ಒಂದು ಗೋಡೆಗೂ ತಾಗಿಸಲಿಲ್ಲ.

ಢಿಲಾ ತಡೆಯಲಾರದೆ ಹೋದದ್ದು ಅಪ್ಪನ ಹೆಮ್ಮೆ. ಬಾಬು ಕಾಕಾ ಒಂದು ದಿನ ರಾಡನ್ನು ಹಿಡಿದು ಅತ್ತ ಇತ್ತ ಅಲುಗಿಸಿ ಕೇಳಿದ:

"ಏ ಮಿಸ್ತ್ರಿ, ನಿನ್ನ ಗೇರು ನಮ್ಮ ಮುತ್ಯಾನ ಹಲ್ಲಿನಂಗ ಅಲಗಾಡ್ತದಲ್ಲೋ! ಹುಮನಾಬಾದದಾಗ ಲಾರಿ ಕೂಡ ಹಿಂಗೇ ಮಾಡಿ ಕೊಡ್ತಿ ಏನು?"

ಮುಂದಿನ ಸೂಟಿಯ ದಿನ ಅಪ್ಪ ಗಾಡಿಗೆ ಕೈ ಹಚ್ಚಿದ. ಅವ್ವ ಕೊಡಂಬಲಕ್ಕೆ, ತವರುಮನೆಗೆ ಹೋಗಿದ್ದಳು. ಸವೆದ ತೂತಿನಲ್ಲಿ ಹೊಸ ಬುಶ್, ಅಂದರೆ ಹಿತ್ತಾಳೆಯ ಬಳೆ, ಕೂಡಿಸಬೇಕು. ಅದು ಸರಿಯಾದ ಕೆಲಸ, ಅರ್ಧ ದಿನದ ಕೆಲಸ, ಅದಕ್ಕೆ ಲೇತ್ ಮಶೀನ್ ಬೇಕು. ಅಪ್ಪ ಒಂದು ಚಹಾದೊಳಗೆ ಮುಗಿಸಿದ. ಹಳೇ ತೂತನ್ನು ಬಿಟ್ಟು, ರಾಡಿಗೆ ಹೊಸ ತೂತು ಕೊರೆದು, ಸಳಿಯನ್ನು ಅದಕ್ಕೆ ಸಿಗಿಸಿದ. ಬೋಲ್ಟಿನ ಕೆಳಗೆ ಜಾಗ ಇರಲಿಲ್ಲ. ಹೊಸ ತೂತು ಬೋಲ್ಟಿನ ಮೇಲ್ಗಡೆ, ಕೈ ಹಿಡಿಯುವ ಕಡೆಗೆ ಬಿತ್ತು. ರಾಡು ಕಲ್ಲಿನಂತೆ ಗಟ್ಟಿಯಾಯಿತು. ಬಾಬು ಕಾಕಾನನ್ನು ಕರೆದು ಅಲುಗಿಸಲು ಹೇಳಿ, ಅಲುಗದ್ದನ್ನು ತೋರಿಸಿ, ಗಾಡಿ ಶುರು ಮಾಡಿ ಹನುಮಂತ ದೇವರ ಗುಡಿಯತನಕ ಒಯ್ದು, ತಿರುಗಿಸಿ ತಂದು, ಹಿಂದೆ ಹಿಂದೆ ಸರಿಸಿ ನಮ್ಮ ತಲಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದ. ಇಷ್ಟು ಮಾಡಿದವನಿಗೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಆಗಿದೆ ಎಂದು ಗೊತ್ತಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಗೊತ್ತಿತ್ತು. ಸಂಜೆ ಅವ್ವ ಬಂದಾಗ ಹೇಳಿದ್ದು ಇಷ್ಟೇ:

"ಗೇರ್ ಗಟ್ಟಿ ಮಾಡೀನಿ. ಇನ್ನ ಯಾವ ಮಗಾನೂ ಮಾತಾಡಂಗಿಲ್ಲ."

ಮರುದಿನ ಅಪ್ಪ ಬಸ್ಸು ಹತ್ತಿ ಹುಮನಾಬಾದಿಗೆ ಹೋದ. ಅವ್ವ ಹೊಸ್ತಿಲ ಒರೆಸಿ, ಅರಿಷಿಣ ಸವರಿ, ಬೊಟ್ಟಿಟ್ಟು, ಚಹಾ ಕುಡಿದು ಗಾಡಿ ಹತ್ತಿದಳು. ಆಯಿ, ಅಂದರೆ ಅಪ್ಪನ ಅವ್ವ, ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಂತಿದ್ದಳು. ಅವ್ವ "ತಲಬಾಗಿಲ!" ಅಂದು ರಾಡು ಮುಂದೆ ದೂಡಿದಳು. ಸಪ್ಪಳ ಸರಿಯಾಗಿಯೇ ಬಂತು. ಹಲ್ಲು ಕೂಡುವ ಸಪ್ಪಳಕ್ಕೆ ಮುಂದು ಹಿಂದು ಇಲ್ಲ. ಕ್ಲಚ್ ಬಿಟ್ಟಳು. ಗಾಡಿಗೂ ಬಾಗಿಲಿಗೂ ನಡುವೆ ಮೂರು ಮಾರು ಇತ್ತೋ ಇಲ್ಲವೋ. ಕಟ್ಟಿಗೆಯ ಬ್ರೇಕು ಗಾಲಿಗೆ ಮುಟ್ಟುವುದರೊಳಗೆ ಹಲಗೆಯ ಮೂಲೆ ಚೌಕಟ್ಟಿಗೆ ಹೊಡೆದು, ಹಿಂದಿನ ಗಾಲಿ ಏರಿ ಹೊಸ್ತಿಲ ಎರಡು ತುಂಡಾಯಿತು. ಆಯಿಯ ಮೊರ ಒಂದು ಕಡೆ, ಜೋಳ ಓಣಿಯ ತುಂಬ. ಯಾರಿಗೂ ಗಾಯವಾಗಲಿಲ್ಲ. ಆಯಿಯ ಕೂಗಿಗೆ ಊರು ಕೂಡಿತು. ಬಾಬು ಕಾಕಾ ಬೀಡಿ ತೆಗೆದು ಆ ಮಾತು ಅಂದ, ಮಲ್ಲು ಇವತ್ತಿಗೂ ತನ್ನದೇ ಎಂಬಂತೆ ಹೇಳುವ ಮಾತು:

"ತಲಬಾಗಿಲ ಅಂದಳು, ತಲಬಾಗಿಲಕ್ಕೇ ಹೋತು! ಗಾಡೀದೇನ್ ತಪ್ಪದ?"

ನಾನು ಸಾಲಿಗೆ ಹೋಗದೆ ಗಾಡಿಯ ಕೆಳಗೆ ನುಗ್ಗಿದೆ. ಅವ್ವ ತಪ್ಪುವವಳಲ್ಲ ಎಂದು ನನಗೆ ಗೊತ್ತಿತ್ತು. ಹಳೇ ಉದ್ದನೆಯ ತೂತು ಖಾಲಿ ಇತ್ತು. ಮೇಲೆ ಹೊಸ ದುಂಡನೆಯ ತೂತಿನಲ್ಲಿ ಸಳಿ. ಸಂಜೆಯತನಕ ಅಪ್ಪನಿಗೆ ಕಾದೆ. ಆತ ಬರುವುದರೊಳಗೆ ಕಟ್ಟೆಯ ಮುಂದೆ ಹತ್ತು ಮಂದಿ ಇದ್ದರು.

"ನೋಡಪಾ ಮಾಣಿಕ, ನಿನ್ನ ಹೇಣ್ತಿ ಮನೀ ಹೊಸ್ತಿಲ ಮುರದಾಳ. ಹೊಸ್ತಿಲ!" ಎಂದಳು ಆಯಿ.

ಅಪ್ಪ ಮುರಿದ ಹೊಸ್ತಿಲ ನೋಡಿದ, ರಾಡು ನೋಡಿದ, ಮಂದಿಯನ್ನು ನೋಡಿದ.

"ಹೆಂಗಸರ ಕೈಯಾಗ ಮಶೀನ್ ಕೊಟ್ಟಿದ್ದೇ ನಂದು ತಪ್ಪು."

ತಪ್ಪು ಎಂಬ ಶಬ್ದ ಆತನ ಬಾಯಿಂದ ಬಂತು, ಆದರೆ ಯಾವ ಜಾಗಕ್ಕೆ ಬರಬೇಕಿತ್ತೋ ಆ ಜಾಗಕ್ಕಲ್ಲ. ನಾನು ಮಂದಿಯ ಮುಂದೆಯೇ ಕೇಳಿದೆ:

"ಅಪ್ಪಾ, ಸಳಿ ಮ್ಯಾಲಿನ ತೂತಿಗಿ ಯಾಕ ಹಾಕಿದಿ? ಮೊದಲ ಕೆಳಗಿತ್ತಲಾ?"

ಅಪ್ಪ ನನಗೆ ಹೊಡೆದದ್ದು ಜೀವನದಲ್ಲಿ ಅದೊಂದೇ ಸಲ. ಕಪಾಳಕ್ಕೆ. ಡೀಸೆಲ್ ವಾಸನೆಯ ಅಂಗೈ. ಆ ಏಟು ನನ್ನನ್ನು ತಯಾರು ಮಾಡಿತು ಎಂದು ದೊಡ್ಡ ಮಾತು ಹೇಳುವುದಿಲ್ಲ. ಆದರೆ ಕೆಲಸ ಕೆಟ್ಟರೆ ನನ್ನಿಂದ ಕೆಟ್ಟಿತು ಎಂದು ಗಿರಾಕಿಯ ಮುಂದೆ ಮೊದಲು ಬಾಯಿ ಬಿಡುವ ಚಟ ನನಗೆ ಆ ಸಂಜೆಯೇ ಹತ್ತಿತು.

ಊಟದ ಹೊತ್ತಿಗೆ ಅಪ್ಪ ನಡಮನಿಯಲ್ಲಿ ತಾಟಿನ ಮುಂದೆ ಗೋಡೆ ನೋಡುತ್ತ ಕುಂತಿದ್ದ. ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಾತ ಕಪಾಳ ಹಿಡಿದುಕೊಂಡು ನಾನು ಆಕೆಯ ಮಗ್ಗುಲಿಗೆ ಕುಂತೆ. ಆಕೆ ಸಣ್ಣ ದನಿಯಲ್ಲಿ ಕೇಳಿದಳು:

"ಮ್ಯಾಲ ಹಾಕಿದ್ರ ಏನಾಗ್ತದೋ ಝರಣಾ?"

ನಾನು ಪಲ್ಯದ ಸೌಟು ತೆಗೆದು, ಅದರ ನಡುವನ್ನು ಎರಡು ಬೆರಳಿನಲ್ಲಿ ಹಿಡಿದು ತೋರಿಸಿದೆ. ಹಿಡಿಕೆಯ ತುದಿಯನ್ನು ಮುಂದೆ ದೂಡಿದರೆ ಕೆಳಗಿನ ಬಟ್ಟಲು ಹಿಂದೆ ಹೋಗುತ್ತದೆ. ಮೊದಲು ಸಳಿ ಬಟ್ಟಲಿನ ಕಡೆ ಇತ್ತು. ಈಗ ಕೈ ಇರುವ ಕಡೆ ಇದೆ. ಕೈ ಹೋದ ಕಡೆಗೇ ಸಳಿ ಹೋಗುತ್ತದೆ, ಗೇರು ಉಲ್ಟಾ ಬೀಳುತ್ತದೆ. ಅವ್ವ ಸೌಟು ಇಸಿದುಕೊಂಡು ತಾನೇ ಎರಡು ಸಲ ಮಾಡಿ ನೋಡಿದಳು. ಆಮೇಲೆ ಎದ್ದು ಹೋಗಿ ಅಪ್ಪನ ತಾಟಿನ ಮುಂದೆ ನಿಂತು, ಸೌಟನ್ನು ಹಾಗೇ ನಡುವೆ ಹಿಡಿದು, ಮುಂದೊಮ್ಮೆ ಹಿಂದೊಮ್ಮೆ ತೂಗಿದಳು.

"ಪುಂಡಿಪಲ್ಯ ಹಾಕ್ಲೇನ್ರಿ?"

ಅಪ್ಪ ತಲೆ ಎತ್ತಲಿಲ್ಲ.

"ಹೇಳಬೇಕಾದವರು ಮಂದಿ ಮುಂದ ಹೇಳೋತನಕ ನಾ ಆ ಗಾಡಿ ಮುಟ್ಟಂಗಿಲ್ಲ" ಎಂದಳು ಅವ್ವ. ಅಷ್ಟೇ. ಮರುದಿನದಿಂದ ಕಣಿಕೆಯ ಹೊರೆ ಮತ್ತೆ ತಲೆಯ ಮೇಲೆ ಬಂತು. ಮುರಿದ ಹೊಸ್ತಿಲದ ಎರಡೂ ತುಂಡಿಗೆ ಆಕೆ ಎಂಟು ದಿನ ಬೇರೆ ಬೇರೆ ಅರಿಷಿಣ ಸವರಿದಳು. ಎಂಟನೇ ದಿನ ಅಪ್ಪ ಶೆಡ್ಡಿನಿಂದ ಲಾರಿಯ ತಳಕ್ಕೆ ಹಾಕುವ ಸಾಗವಾನಿ ಹಲಗೆ ತಂದು ಹೊಸ್ತಿಲ ಮಾಡಿ ಕೂಡಿಸಿದ. ಮೂಗು ಮುರಿಯಲು ಜಾಗವಿಲ್ಲದಂಥ ಕೆಲಸ. ಬಾಯಿ ಮಾತ್ರ ಬಿಡಲಿಲ್ಲ.

ಸಾಲಿಯಲ್ಲಿ ಮಾಸ್ತರು ವಿರುದ್ಧ ಪದ ಕೇಳುತ್ತಿದ್ದರು. ಮೇಲೆ, ಕೆಳಗೆ. ಒಳಗೆ, ಹೊರಗೆ. "ಮುಂದೆ?" ಎಂದಾಗ ಹಿಂದಿನ ಸಾಲಿನಿಂದ ಒಬ್ಬ "ಝರಣ್ಯಾನ ಅವ್ವ!" ಎಂದ. ಹುಡುಗರು ನಕ್ಕರೆ ಹುಡುಗರು ಎನ್ನಬಹುದು. ಮಾಸ್ತರೂ ನಕ್ಕರು. ನಕ್ಕು, "ಅದೂ ಬರೋಬರಿ ಅದ" ಎಂದರು. ನಾನು ಪಾಟಿಚೀಲ ಎತ್ತಿಕೊಂಡು ಅವರ ಮುಂದಿನಿಂದಲೇ ಹೊರಗೆ ಬಂದೆ. ಬಡತನಕ್ಕೆ ಸಾಲಿ ಬಿಟ್ಟ ಎಂದು ನನ್ನ ಬಗ್ಗೆ ಹೇಳುವವರಿದ್ದಾರೆ. ಅದೂ ಸುಳ್ಳು. ಸಿಟ್ಟಿಗೆ ಬಿಟ್ಟೆ. ಅವ್ವನಿಗೆ ಇದು ಸೇರಲಿಲ್ಲ.

"ನನ್ನ ಹೆಸರಿನ ಮ್ಯಾಲ ಸಾಲಿ ಬಿಡಬ್ಯಾಡೋ. ಒಂದು ಮಾತು ಹೊತ್ತಿದ್ದೇ ಸಾಕಾಗ್ಯದ ನನಗ."

ನಾನು ಕೇಳಲಿಲ್ಲ. ಆ ತಪ್ಪು ನನ್ನದು, ಬರೆದಿಡುತ್ತೇನೆ.

ಬಸವಕಲ್ಯಾಣದಲ್ಲಿ ಒಬ್ಬ ವಸ್ತಾದರ ಹತ್ತಿರ ಲೇತ್ ಮಶೀನಿಗೆ ಸೇರಿದೆ. ಮೊದಲ ವರ್ಷ ಕಬ್ಬಿಣದ ಪುಡಿ ಗುಡಿಸಿದೆ. ಎರಡನೇ ವರ್ಷ ಮಶೀನ್ ಮುಟ್ಟಲು ಬಿಟ್ಟರು. ಏನು ಮಾಡುತ್ತಿ ಎಂದು ಕೇಳಿದಾಗ ಬುಶ್ ಎಂದೆ, ಅಳತೆ ಬಾಯಿಪಾಠ ಹೇಳಿದೆ. ಹಿತ್ತಾಳೆಯ ಚೂರು ಹಿಡಿದು ಮೂರು ಕೆಡಿಸಿದೆ, ನಾಲ್ಕನೆಯದು ಬಂತು. ಅದನ್ನು ಕಿಸೆಯಲ್ಲಿಟ್ಟುಕೊಂಡು ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದೆ. ಬೆಳಗ್ಗೆ ಎಲ್ಲರೂ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಗಡಿಬಿಡಿ. ಓಣಿಯ ತುಂಬ ಮಂದಿ. ಮಂದಿ ಅವತ್ತು ಹೊಸ್ತಿಲದಿಂದ ಮುಂದೆ ದೂಡಿ ನಿಲ್ಲಿಸಿದ್ದ ಖಡಖಡಿ ಅಲ್ಲೇ ನಿಂತು ಅದರ ಹಲಗೆಯ ಮೇಲೆ ಸಗಣಿಯ ಕುಳ್ಳು ಒಣಗುತ್ತಿದ್ದವು. ನಾನು ರಾಡು ಬಿಚ್ಚಿದೆ. ಸವೆದ ತೂತನ್ನು ಅರದಿಂದ ದುಂಡಗೆ ಮಾಡಿ ಬುಶ್ ಬಡಿದು ಕೂಡಿಸಿದೆ. ಸಳಿಯನ್ನು ಅದರ ಹಳೇ ಜಾಗಕ್ಕೆ ತಂದೆ. ಮೇಲಿನ ತೂತನ್ನು ಮುಚ್ಚಲಿಲ್ಲ. ಸಾಕ್ಷಿ ಇರಲಿ ಎಂದು ಬಿಟ್ಟೆ. ಅಪ್ಪ ಕಟ್ಟೆಯ ಮೇಲೆ ಕುಂತು ಎಲ್ಲ ನೋಡಿದ. ಇಂಜಿನ್ನಿಗೆ ಹ್ಯಾಂಡಲ್ ಹೊಡೆದು ಶುರು ಮಾಡಿ ಕೂಗಿದೆ:

"ಅವ್ವಾ, ಬಾ. ಕೂಡು."

ಅವ್ವ ಬಾಗಿಲಲ್ಲಿ ನಿಂತಳು. ಬರಲಿಲ್ಲ. ಎದುರು ಕಟ್ಟೆಯಿಂದ ಬಾಬು ಕಾಕಾ "ಎಲ್ಲಾರೂ ಹೊಸ್ತಿಲ ಕಾಯ್ರಪ್ಪೋ!" ಎಂದ. ಮಂದಿ ನಕ್ಕಿತು. ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಎದ್ದ. ಈಗ ಹೇಳುತ್ತಾನೆ ಎಂದುಕೊಂಡೆ. ಹೇಳಲಿಲ್ಲ. ಇಳಿದು ಬಂದು ಗಾಡಿಯ ಹಿಂದೆ, ಗಾಡಿಗೂ ಹೊಸ್ತಿಲಕ್ಕೂ ನಡುವಿನ ಮೂರು ಮಾರಿನಲ್ಲಿ ನಿಂತ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಹಾಕು, ತಲಬಾಗಿಲ" ಎಂದ.

ನಗು ನಿಂತಿತು. ಅವ್ವ ಸೆರಗು ಸಿಗಿಸಿಕೊಂಡು ಬಂದು ಹತ್ತಿ ಕುಂತಳು. ರಾಡು ಹಿಡಿದು, ಒಮ್ಮೆ ತಿರುಗಿ ಹಿಂದೆ ನಿಂತವನನ್ನು ನೋಡಿದಳು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಆಮೇಲೆ ಮುಂದೆ ತಿರುಗಿ, ಓಣಿಗೆಲ್ಲ ಕೇಳುವ ಹಾಗೆ "ತಲಬಾಗಿಲ!" ಅಂದಳು. ಗಾಡಿ ಮುಂದೆ ಹೋಯಿತು. ಹೊಲದತನಕ ಹೋಯಿತು. ಅದು ಗುಜರಿಗೆ ಹೋಗುವತನಕ ಅವ್ವನೇ ಹೊಡೆದಳು.

ಅಪ್ಪ ನಿಂತದ್ದನ್ನು ನಾನು ಸಣ್ಣದು ಎನ್ನುವುದಿಲ್ಲ. ಆದರೆ ನಿಂತದ್ದು ಯಾರಿಗೆ ನೆನಪಿದೆ? ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆ ಮಾತೇ ಮುಂದೆ ನಡೆಯುತ್ತಿತ್ತು. ಹೇಳದೆ ಮಣ್ಣಿಗೆ ಹೋದ. ಅದಕ್ಕೇ ಬಾಬು ಕಾಕಾನ ಮಾತು ಉಳಿಯಿತು, ಕುಬಸದ ಪಂಕ್ತಿಯತನಕ ಬಂತು. ಆ ರಾಡು ಈಗ ನನ್ನ ಗ್ಯಾರೇಜಿನ ಮೊಳೆಗೆ ತೂಗುತ್ತಿದೆ. ಮಲ್ಲುವನ್ನು ಕರೆಸಿ ಎರಡೂ ತೂತು ತೋರಿಸಿದೆ. "ಜೋಕ್ ಅಲಾ ಮಾಮಾ, ಯಾಕಷ್ಟು ಸೀರಿಯಸ್ ಆಗ್ತಿ" ಎಂದ.

ಕುಬಸದಿಂದ ಬಂದ ದಿನ ಅವ್ವನ ಮೇಲೂ ಸಿಟ್ಟು ತೀರಿಸಿಕೊಂಡೆ. ಈಗ ನನ್ನ ಮನೆಯಲ್ಲೇ ಇದ್ದಾಳೆ, ಇಲ್ಲಿಯ ಸಿಮೆಂಟಿನ ಹೊಸ್ತಿಲಕ್ಕೂ ಅರಿಷಿಣ ಸವರುವುದು ಬಿಟ್ಟಿಲ್ಲ.

"ಎಲ್ಲಾರೂ ನಗಲಿ. ನೀ ಯಾಕ ನಕ್ಕಿ?"

"ನಾ ನಕ್ಕಿದ್ದು ಆ ಮಾತಿಗಲ್ಲೋ. ಅವತ್ತು ನಿಮ್ಮಪ್ಪ ಗಾಡಿ ಹಿಂದ ನಿಂತಿದ್ದ ನೋಡು, ಅದು ನೆನಪಾತು. ಹಿತ್ತಲಕ್ಕ ಹಾಕ್ಲೇನು ಅಂತ ಒಂದು ಗಳಗಿ ವಿಚಾರ ಮಾಡಿದ್ದೆ."

ನಾನು ಆಕೆಯ ಮಗ್ಗುಲಿಗೆ ಕುಂತೆ. ಕೇಳಿದೆ:

"ಮತ್ತ ಯಾಕ ಹಾಕಲಿಲ್ಲ?"

"ಹೊಸ್ತಿಲ ಹೊಸಾದಿತ್ತಲ್ಲೋ" ಎಂದಳು ಅವ್ವ.